ಒಂದು ನಿದ್ದೆಯ ದೂರ

ಓಣಿಯಲ್ಲಿ ಏನೋ ಕಡಿಮೆಯಾಗಿದೆ ಎಂದು ಅಫ್ಸರನಿಗೆ ಆಟೋದಿಂದ ಇಳಿಯುವಾಗಲೇ ಅನ್ನಿಸಿತು. ಆದರೆ ಏನೆಂದು ಹೊಳೆಯಲಿಲ್ಲ. ಇಳಕಲ್ಲಿನ ಬಿಸಿಲು ಅದೇ, ಮಾವನ ಮನೆಯ ನೀಲಿ ಬಾಗಿಲು ಅದೇ, ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಪಕ್ಕದ ಮನೆಯ ಸಕ್ರವ್ವ ಅವಳೇ. ಹೆಂಡತಿ ಆಫ್ರೀನ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಮುಂದೆ ಹೋದಳು. ಅವನು ಚೀಲಗಳ ಸಮೇತ ಹಿಂದೆ. ಎರಡು ವರ್ಷದ ಸಾಯಿಮಾ ತಾಯಿಯ ಭುಜದ ಮೇಲಿಂದ ಅವನನ್ನು ನೋಡುತ್ತಿದ್ದಳು, ಆಟೋದವನನ್ನೂ ಅವಳು ಹೀಗೆಯೇ ನೋಡಿದ್ದಳು. ದೊಡ್ಡ ಚೀಲದಲ್ಲಿ ಹಾಲಿನ ಬಾಟಲಿ, ಚಡ್ಡಿಗಳು, ಸೊಳ್ಳೆ ಪರದೆ, ಮತ್ತು ಎರಡು ಪಾಟಿ: ಒಂದು ಮಗಳು ಕಕ್ಕಕ್ಕೆ ಕೂರುವುದು, ಇನ್ನೊಂದು ಅವನು ಬರೆಯುವುದು. ಈ ಮಾತು ಬಸ್ಸು ಹುನಗುಂದ ದಾಟುವಾಗಲೇ ಅವನ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತ್ತು. ಇತ್ತೀಚೆಗೆ ನಾಲಿಗೆಯ ತುದಿ ಅವನಿಗೆ ಬಸ್‌ಸ್ಟ್ಯಾಂಡಿನಂತೆ ಕಾಣುತ್ತಿತ್ತು, ಎಲ್ಲರೂ ಬಂದು ಕಾಯುತ್ತಾರೆ, ಯಾವ ಬಸ್ಸೂ ಬಿಡುವುದಿಲ್ಲ. ಗಂಟಲಿನಲ್ಲಿ ಗಂಟು ಬಂದಿತ್ತು. ಗಂಟಲು ಎಂಬ ಪದದ ಬಾಯಲ್ಲೇ ಗಂಟು ಇದೆಯಲ್ಲ ಎಂಬುದೇ ಅವನು ಆಪರೇಶನ್ನಿನ ಮೇಜಿನ ಮೇಲೆ ಮಲಗುವ ಮುನ್ನ ಆಡಿದ ಕೊನೆಯ ಮಾತು. ನರ್ಸಮ್ಮ ನಕ್ಕಿರಲಿಲ್ಲ. ಡಾಕ್ಟರು ಗಂಟು ತೆಗೆದರು, ಮಾತನ್ನೂ ತೆಗೆದಿಟ್ಟರು. ನಾನು ಹೇಳುವವರೆಗೆ ಒಂದಕ್ಷರ ಆಡುವಂತಿಲ್ಲ, ಪಿಸುಗುಡುವುದಂತೂ ಇಲ್ಲವೇ ಇಲ್ಲ, ಪಿಸುಮಾತು ಕೂಗಿಗಿಂತ ಕೆಟ್ಟದ್ದು, ದನಿ ಹೇಗೆ ತಿರುಗಿ ಬರುತ್ತದೆ ಎಂಬುದು ನೀವು ಹೇಗೆ ಸುಮ್ಮನಿರುತ್ತೀರಿ ಎಂಬುದರ ಮೇಲೆ ಎಂದಿದ್ದರು. ಮೌನವ್ರತ ಎಂದು ಸಹೋದ್ಯೋಗಿಗಳು ತಮಾಷೆ ಮಾಡಿದರು. ವ್ರತವಲ್ಲ, ವ್ರಣ ಎಂದು ಅವನು ಒಳಗೇ ತಿದ್ದಿಕೊಂಡ.

ಹೊಸ್ತಿಲು ದಾಟಿ, ಚಪ್ಪಲಿ ಬಿಟ್ಟು, ಪಡಸಾಲೆಯ ಎಡಕ್ಕಿದ್ದ ಮಗ್ಗದ ಕುಣಿಯತ್ತ ಕಣ್ಣು ಹೋದಾಗ ಅದು ಹೊಳೆಯಿತು. ಮಗ್ಗದ ಮೇಲೆ ಬಿಳಿ ಧೋತರ ಹೊದಿಸಿತ್ತು. ಎಳೆ ಬಡಿಯುವ ಹಣಿಗೆಯ ಮೇಲೆ ಯಾರೋ ಒಂದು ಚೆಂಡುಹೂ ಇಟ್ಟಿದ್ದರು. ಅಮಾವಾಸ್ಯೆ. ಓಣಿಯ ಎಲ್ಲ ಮಗ್ಗಗಳೂ ಮಲಗಿದ್ದವು. ತಿಂಗಳಲ್ಲಿ ಆ ಒಂದು ದಿನ ಈ ಊರಿನಲ್ಲಿ ಯಾವ ನೇಕಾರನೂ ಮಗ್ಗ ಮುಟ್ಟುವುದಿಲ್ಲ, ದೇವರು ಯಾವುದೇ ಇರಲಿ. ಮಾವ ಸುಭಾನಸಾಬರ ತಂದೆಯೂ ಮುಟ್ಟಿರಲಿಲ್ಲ, ಅವರ ತಂದೆಯೂ. ಅಫ್ಸರ ನಿಂತಲ್ಲೇ ಆಫ್ರೀನಳ ಮುಖ ನೋಡಿದ. ಆಫ್ರೀನ ಮಗ್ಗವನ್ನು ನೋಡುತ್ತಿದ್ದಳು. ಅವಳ ಕೆಳತುಟಿ ಹಲ್ಲಿನ ನಡುವೆ ಹೋಯಿತು. ದಿನ ಗೊತ್ತು ಮಾಡಿದ್ದು ಇಬ್ಬರೂ ಕೂಡಿಯೇ: ಅಬ್ಬಾ ಅಮಾಸಿ ದಿನ ಖಾಲಿ ಇರ್ತಾರ, ತಮ್ಮ ಜಹೀರನೂ ಮನ್ಯಾಗ ಇರ್ತಾನ, ಎಲ್ಲಾರೂ ಕುಂತು ಮಾತಾಡಾಕ ಸೈ ಆಕ್ಕೈತಿ ಎಂದು ಅವಳೇ ಹೇಳಿದ್ದಳು, ಅವನು ಪಾಟಿಯ ಮೇಲೆ ಸೈ ಎಂದು ಬರೆದಿದ್ದ. ಎಲ್ಲರೂ ಯಾಕೆ ಖಾಲಿ ಇರುತ್ತಾರೆ ಎಂದು ಇಬ್ಬರ ತಲೆಗೂ ಬರಲಿಲ್ಲ. ಇಳಕಲ್ಲಿನಲ್ಲೇ ಹುಟ್ಟಿ ಬೆಳೆದವಳು, ಮಗ್ಗದ ಸದ್ದು ಕೇಳಿಸಲೆಂದು ಮಗುವನ್ನು ಹೊತ್ತುಕೊಂಡು ಮಗ್ಗ ಮಲಗಿದ ದಿನವೇ ಬಂದಿದ್ದಳು.

ಸಮಸ್ಯೆ ಇದ್ದದ್ದು ಸಾಯಿಮಾಳ ನಿದ್ದೆಯಲ್ಲಿ. ಬಾಣಂತನಕ್ಕೆಂದು ತವರಿಗೆ ಬಂದ ಆಫ್ರೀನ ಇದೇ ಪಡಸಾಲೆಯಲ್ಲಿ ಮಗುವನ್ನು ಝೋಳಿಗೆಯಲ್ಲಿ ತೂಗಿದ್ದಳು, ಹಳೆಯ ಸೀರೆಯ ಝೋಳಿಗೆ, ಮಗ್ಗದಿಂದ ಮಾರು ದೂರದಲ್ಲಿ. ಮಗು ಮಗ್ಗದ ಸದ್ದಿಗೇ ಮಲಗುವುದನ್ನು ಕಲಿಯಿತು. ಬಾಗಲಕೋಟೆಯ ನವನಗರಕ್ಕೆ, ಸೆಕ್ಟರಿನ ಸಂಖ್ಯೆ ಬಿಟ್ಟರೆ ಬೇರೆ ಹೆಸರಿಲ್ಲದ ಆ ಅಗಲ ರಸ್ತೆಗಳ ಊರಿಗೆ, ತಂದ ಮೊದಲ ದಿನ ಅದು ಸೂರು ಹಾರಿಹೋಗುವಂತೆ ಅತ್ತಿತು. ಆಗ ಅಫ್ಸರ, ಪಿಯು ಕಾಲೇಜಿನ ಕಾಮರ್ಸ್ ಮೇಷ್ಟ್ರು, ಪ್ರಿನ್ಸಿಪಾಲರಿಂದ ಹಿಡಿದು ಕಂಡಕ್ಟರನವರೆಗೆ ಯಾರ ದನಿಯನ್ನಾದರೂ ಎತ್ತಿಕೊಂಡು ಬರಬಲ್ಲವನು, ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಬಾಯಲ್ಲೇ ಮಗ್ಗ ಹೂಡಿದ. ಖಟ್, ಸರ್ರ್, ಧಬ್. ಕಾಲಮಣೆ ತುಳಿದದ್ದು, ಲಾಳಿ ಓಡಿದ್ದು, ಹಣಿಗೆ ಬಡಿದದ್ದು. ಮಗು ಮಲಗಿತು. ಲಾಳಿಯೇ ಲಾಲಿ ಎಂದು ಅವನು ಹೆಂಡತಿಗೆ ಹೇಳಿದ, ಅವಳು ನಿದ್ದೆಗಣ್ಣಿನಲ್ಲೇ ಕಾಲಿನಿಂದ ಒದ್ದಳು. ಅಂದಿನಿಂದ ಪ್ರತಿ ಮಧ್ಯಾಹ್ನ, ಪ್ರತಿ ರಾತ್ರಿ, ಅವನ ಬಾಯಿ ಒಂದು ಮಗ್ಗ. ಜಗತ್ತಿನ ದನಿಗಳನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟವನಿಗೆ ಈ ಒಂದು ದನಿಯನ್ನು ಹಿಡಿದಿಡಬೇಕೆಂದು ಅನ್ನಿಸಲೇ ಇಲ್ಲ. ಆಪರೇಶನ್ನಿನ ಮಾರನೆಯ ದಿನ ಆಫ್ರೀನ ಫೋನಿನಲ್ಲಿ ಯಾವುದೋ ಮಗ್ಗದ ಸದ್ದು ಹುಡುಕಿ ಹಾಕಿದಳು. ಸಾಯಿಮಾ ಫೋನು ಕಸಿದುಕೊಂಡು ಕಾರ್ಟೂನು ಬೇಕೆಂದು ಕೂತಳು. ಆಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗು ಅವನ ಬಳಿ ಬರುವುದನ್ನು ನಿಲ್ಲಿಸಿತು. ಮೊದಮೊದಲು ಅವನ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಒಳಗೆ ಇಣುಕಿ ನೋಡುತ್ತಿತ್ತು, ಕಂಡಕ್ಟರ್ ಎಲ್ಲಿ, ಕೋಳಿ ಎಲ್ಲಿ, ಮಗ್ಗ ಎಲ್ಲಿ. ಒಂದು ದಿನ ನೋಡಿ ಮುಗಿಸಿ, ಬಾಯಿ ಮುಚ್ಚಿ, ಬೇರೆಯವರ ಮನೆಯ ಬಾಗಿಲು ಎಳೆದುಕೊಂಡು ಹೋಗುವ ಹಾಗೆ ಎದ್ದು ಹೋಯಿತು. ಆ ನಡಿಗೆ ಅವನ ಕಣ್ಣಿನಲ್ಲಿ ಕೂತಿತ್ತು. ದನಿಗಳೆಲ್ಲ ಎದ್ದು ಹೋದ ಮೇಲೆ ಒಳಗೆ ಅಬ್ಬಾ ಎಂಬವನು ಉಳಿದಿದ್ದಾನೋ ಇಲ್ಲವೋ ಎಂಬ ಅನುಮಾನ ಮಗುವಿನದೋ ಅವನದೋ ಅವನಿಗೇ ತಿಳಿಯುತ್ತಿರಲಿಲ್ಲ.

“ಬರ್ರಿ ಜಮಾಯಿ, ಕುಂದರ್ರಿ,” ಎಂದು ಅತ್ತೆ ಮಕ್ತುಮಬಿ ಅಳಿಯನಿಗೆ ಚಾಪೆ ಹಾಸಿದರು. ಆಮೇಲೆ ಮಾತಾಡಬಾರದವನ ಜೊತೆ ತಾವೂ ಮಾತಾಡಬಾರದೇನೋ ಎಂಬಂತೆ ಬಾಯಿ ಮುಚ್ಚಿಕೊಂಡು ಕೈಸನ್ನೆಯಲ್ಲಿ ಚಹಾ ಬೇಕೇ ಎಂದು ಕೇಳಿದರು. ಆಫ್ರೀನ ನಕ್ಕಳು. “ಅಮ್ಮೀ, ಅವರಿಗಿ ಕಿವಿ ಕೇಳ್ತೈತಿ. ಬಾಯಿ ಅಷ್ಟ ಬಂದ್.” “ಹಂಗಾದ್ರ ಛಲೋನ ಆತಲ್ಲ,” ಎಂದ ಜಹೀರ, ಆಫ್ರೀನಳ ತಮ್ಮ, ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಕೂದಲಿನಲ್ಲಿ ಎಷ್ಟು ತೊಳೆದರೂ ಹೋಗದ ಕಲ್ಲಿನ ಹುಡಿ. “ಭಾವಾ ಸುಮ್ಮ ಕುಂತಾಗ ನಾವು ಪ್ಲ್ಯಾನ್ ಮಾಡೂನು. ಗೋವಾ. ಮುಗೀತು. ಮೀಟಿಂಗ್ ಬರಖಾಸ್ತ್.”

ಪ್ಲ್ಯಾನು ಏನೆಂದರೆ, ಎಲ್ಲಾದರೂ ಹೋಗಬೇಕು ಎಂಬುದು. ಮದುವೆಯಾದ ಮೇಲೆ ಒಂದು ರೋಗ, ಒಂದು ಹೆರಿಗೆ, ಮತ್ತೆ ಅವನ ಗಂಟಲು ಎನ್ನುತ್ತ ಆಫ್ರೀನ ನೋಡಿದ ಊರುಗಳೆಲ್ಲ ದವಾಖಾನೆ ಇದ್ದ ಊರುಗಳು. ಗಂಟಿನ ತುಂಡನ್ನು ಪರೀಕ್ಷೆಗೆ ಕಳಿಸಿದಾಗ, ವರದಿಗಾಗಿ ಕಾಯುತ್ತ ಕೂತ ಬೆಂಚಿನ ಮೇಲೆ ಅವಳು, ಕೆಟ್ಟದ್ದಲ್ಲ ಅಂತ ಬಂದ್ರ ನನ್ನ ಎಲ್ಲೇರ ಕರ್ಕೊಂಡ ಹೋಗ್ರಿ, ದವಾಖಾನಿ ಇಲ್ಲದ ಊರಿಗಿ, ಎಂದಿದ್ದಳು. ಅವನು ತಲೆಯಾಡಿಸಿದ್ದ. ಬಾಯಲ್ಲಿ ಕೊಟ್ಟ ಮಾತುಗಳನ್ನು ಅವನು ಎಷ್ಟೋ ಸಲ ಬೇರೆಯವರ ದನಿಯಲ್ಲಿ ಕೊಟ್ಟು ಜಾರಿಕೊಂಡಿದ್ದ. ತಲೆಯಾಡಿಸಿದ್ದಕ್ಕೆ ಬೇರೆ ಯಾರ ದನಿಯೂ ಇರಲಿಲ್ಲ. ಅದೇ ಬೆಂಚಿನ ಆ ತುದಿಯಲ್ಲಿ ಸುಭಾನಸಾಬರು ಕೂತಿದ್ದರು. ಇಳಕಲ್ಲಿನಿಂದ ಮೊದಲ ಬಸ್ಸಿಗೆ ಬಂದು, ಕೇಳಿದ್ದಕ್ಕೆ ಹೂಂ, ಇಲ್ಲ, ಎಂದಷ್ಟೇ ಹೇಳಿ, ಇಡೀ ದಿನ ಕೂತಿದ್ದರು. ಕೆಟ್ಟದ್ದಲ್ಲ ಎಂದು ವರದಿ ಬಂದಾಗ ಅವರು ಎದ್ದು ಬಂದು ಎರಡು ಬೆರಳು ಅಫ್ಸರನ ಗಂಟಲ ಮೇಲೆ ಇಟ್ಟರು, ಮಗ್ಗದ ಹಾಸಿನ ಎಳೆ ಬಿಗಿಯಾಗಿದೆಯೇ ಎಂದು ನೋಡುವ ಹಾಗೆ, ಇಟ್ಟು ತೆಗೆದರು. ಆ ಬೆರಳುಗಳ ಭಾರ ಈಗಲೂ ಅಲ್ಲಿದೆ. ಥ್ಯಾಂಕ್ಸ್ ಎಂದು ಹೇಳಲು ದನಿ ಬಂದ ಮೇಲೆ ಮೊದಲು ಯಾರ ಹತ್ತಿರ ಹೋಗಬೇಕೆಂದು ಅವನು ಆ ಕ್ಷಣದಲ್ಲೇ ಗೊತ್ತು ಮಾಡಿಕೊಂಡಿದ್ದ. ಹೇಳಬೇಕಾದದ್ದು ಬರೀ ಥ್ಯಾಂಕ್ಸ್ ಅಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

“ಗೋವಾಕ್ಕ ಹೋದ್ರ ಇದು ಅಲ್ಲೀ ತನಕ ಅತ್ಕೊಂತ ಹೋಗ್ಬೇಕು, ಬರೂತನಕ ಅತ್ಕೊಂತ ಬರಬೇಕು,” ಎಂದರು ಮಕ್ತುಮಬಿ, ಸಾಯಿಮಾಳ ಬಾಯಿಗೆ ಬಾಳೆಹಣ್ಣು ತುರುಕುತ್ತ. “ಅದರ ನಿದ್ದಿ ನೋಡಿ ಊರ ಹುಡುಕ್ರಿ.” ಅಫ್ಸರ ಚೀಲದಿಂದ ಪಾಟಿ ತೆಗೆದ. ಮಗಳ ಆಟದ ಪಾಟಿ, ಗೀಚಿ, ಪಕ್ಕದ ಕೋಲು ಎಳೆದರೆ ಅಳಿಸಿಹೋಗುವಂಥದು. ಅದರ ಮೇಲೆ ಅವನು ‘ಗೋವಾ = ಏಳು ನಿದ್ದೆ. ಬದಾಮಿ = ಒಂದು ನಿದ್ದೆ’ ಎಂದು ಬರೆಯುತ್ತಿದ್ದಾಗ ಸಾಯಿಮಾ ಬಂದು ಕೋಲು ಎಳೆದಳು. ಗೋವಾ ಹೋಯಿತು. ಮತ್ತೆ ಬರೆದ, ಅವಳು ಮತ್ತೆ ಎಳೆದಳು. ಕಾಲೇಜಿನಲ್ಲಿ ಅರವತ್ತು ಹುಡುಗರನ್ನು ಹುಬ್ಬಿನಲ್ಲೇ ಕೂರಿಸುತ್ತಿದ್ದವನು ಎರಡು ವರ್ಷದ ಸೆನ್ಸಾರಿನ ಕೈಯಲ್ಲಿ ಸಿಕ್ಕಿಕೊಂಡಿದ್ದ. ಅವನು ಏನು ಬರೆದ ಎಂಬುದನ್ನು ಆಫ್ರೀನ ಓದಿ ಹೇಳಬೇಕಾಯಿತು. “ಬದಾಮಿ ಅಂತಾರ.” ಪಡಸಾಲೆಯೆಲ್ಲ ನಕ್ಕಿತು. “ಬದಾಮಿಗಿ ಯಾರರೇ ಟೂರ್ ಹೋಗ್ತಾರೇನು ಭಾವಾ?” ಎಂದ ಜಹೀರ. “ನವನಗರದಿಂದ ನಿಮ್ಮ ಮನಿ ಗಚ್ಚಿ ಏರಿ ನಿಂತ್ರ ಬದಾಮಿ ಗುಡ್ಡಾ ಕಾಣ್ತಿರಬೇಕು.” ಕಟ್ಟೆಯಿಂದಲೇ ಸಕ್ರವ್ವ ತಲೆ ಹಾಕಿದಳು. “ನಗಬ್ಯಾಡ್ರಿ. ಫಾರಿನ್ನಿನವ್ರು ಇಮಾನ ಹತ್ತಿ ಬರ್ತಾರ ಅದನ್ನ ನೋಡಾಕ. ನಾ ಹುಟ್ಟಿ ಮುದಕಿ ಆದೆ, ಬನಶಂಕರಿಗಿ ಹೋಗಿ ಕೈ ಮುಗದು ಬಂದೇನಿ, ಬಾಜೂಕಿನ ಗವಿ ನೋಡಿಲ್ಲ.” “ಮಂಗ್ಯಾ ಭಾಳ ಅದಾವ ಅಲ್ಲೆ,” ಎಂದರು ಮಕ್ತುಮಬಿ. “ಕೂಸಿನ ಕೈಯಾಗಿನ ಬಿಸ್ಕೀಟ ಕಸಗೊಂಡ ಹೊಕ್ಕಾವು.” “ಅಮ್ಮೀ, ಇದರ ಕೈಯಾಗಿನ ಬಿಸ್ಕೀಟ ಕಸಗೊಳ್ಳೂ ಮಂಗ್ಯಾ ಇನ್ನ ಹುಟ್ಟಿಲ್ಲ,” ಎಂದಳು ಆಫ್ರೀನ.

ಅವಳು ಖುಷಿಯಲ್ಲಿದ್ದಳು. ಬದಾಮಿಯಲ್ಲಿ ಕೆರೆಯ ಕಡೆಗೆ ಕಿಟಕಿ ಇರುವ ಒಂದು ಕೋಣೆ, ಎರಡು ದಿನ, ಬೆಳಿಗ್ಗೆ ಯಾರೂ ರೊಟ್ಟಿ ಕೇಳಬಾರದು. ನಾಳೆ ಇಲ್ಲಿಂದ ಕಾರು ಮಾಡಿಕೊಂಡು, ದಾರಿಯಲ್ಲಿ ಐಹೊಳೆಯಲ್ಲಿ ನಿಂತು ಮಗುವಿಗೆ ಉಣ್ಣಿಸಿ, ಅದು ಮಲಗಿದ ಹೊತ್ತಿನಲ್ಲಿ ಬದಾಮಿ ಮುಟ್ಟುವುದು. ಇವತ್ತು ಮಧ್ಯಾಹ್ನ ಮಗ್ಗದ ಸದ್ದಿಗೆ ಸಾಯಿಮಾ ಮಲಗಿದರೆ, ಆ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗುವುದು. ಮಲಗದಿದ್ದರೆ ಸಂಜೆಯ ಬಸ್ಸಿಗೆ ನವನಗರಕ್ಕೆ ವಾಪಸ್ಸು, ಅವನ ದನಿ ಬರುವವರೆಗೆ ಊರೂ ಇಲ್ಲ ಕೇರಿಯೂ ಇಲ್ಲ. ಹೀಗೆಂದು ಗಂಡ ಹೆಂಡತಿ ಕರಾರು ಮಾಡಿಕೊಂಡೇ ಬಂದಿದ್ದರು. ಆಫ್ರೀನ ಅದನ್ನು ಎಲ್ಲರಿಗೂ ಹೇಳಿದಾಗ ಎಲ್ಲರೂ ಧೋತರ ಹೊದ್ದ ಮಗ್ಗವನ್ನು ನೋಡಿದರು. “ಅಮಾಸಿ ಐತೆಲ್ಲ ಬೇಟಾ,” ಎಂದರು ಸುಭಾನಸಾಬರು. ಅಷ್ಟೇ. ಆ ಮಾತಿಗೆ ಮೊದಲು ಏನೋ ಬರಬೇಕಿತ್ತು, ಬಂದಿರಲಿಲ್ಲ.

ಬರಬೇಕಾದದ್ದು ಏನೆಂದು ಆ ಪಡಸಾಲೆಯಲ್ಲಿ ಅಫ್ಸರನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದೇನಾಕ್ಕೈತಂದ್ರ. ಸುಭಾನಸಾಬರ ಪ್ರತಿ ಮಾತಿಗೂ ಮೊದಲು ಆ ಪದ ಬರುತ್ತಿತ್ತು, ಗಂಟಲು ಒಮ್ಮೆ ಕೆರೆದು, ಕಣ್ಣು ಸೂರಿಗೆ ಏರಿಸಿ, ಅದೇನಾಕ್ಕೈತಂದ್ರ, ಎಂದು ರಾಗ ಎಳೆದು, ಮಾತಿಗೆ ಹಾಸು ಹೂಡಿಕೊಂಡು, ಆಮೇಲೆ ಮಳೆ ಬರುತ್ತದೆಂದೋ ರೇಶ್ಮೆ ತುಟ್ಟಿಯಾಯಿತೆಂದೋ ಹೇಳುತ್ತಿದ್ದರು. ಸಾಯಿಮಾಳನ್ನು ತೊಟ್ಟಿಲಿಗೆ ಹಾಕುವ ದಿನ, ಇದೇ ಪಡಸಾಲೆಯಲ್ಲಿ, ಬೀಗರು ಬಿಜ್ಜರು ತುಂಬಿರುವಾಗ, ಹುಡುಗರು ಮಾಡ್ರಿ ಮಾಡ್ರಿ ಎಂದು ಏರಿಸಿದರು, ಅಫ್ಸರ ಮಾಡಿದ. ಕೂಸು ಹುಟ್ಟಿದ್ದನ್ನು ಮಾವ ಹೇಗೆ ಸಾರಿದರು ಎಂದು. ಅದೇನಾಕ್ಕೈತಂದ್ರ, ಹೆಣ್ಣು ಆಗೈತಿ. ಆ ಕೆರೆತ, ಆ ಕಣ್ಣು, ಆ ರಾಗ. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ನಗು ಬಾಗಿಲ ಕಡೆಯಿಂದ ನಿಲ್ಲುತ್ತ ಬಂದದ್ದನ್ನು ಕಂಡು ಅವನು ತಿರುಗಿದಾಗ ಸುಭಾನಸಾಬರು ಶರಬತ್ತಿನ ತಾಟು ಹಿಡಿದು ನಿಂತಿದ್ದರು. ಅವರೂ ನಕ್ಕರು. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಕ್ಕು, ಶರಬತ್ತು ಹಂಚಿದರು, ಅವನಿಗೆ ಮೊದಲು ಕೊಟ್ಟರು. ಅಂದಿನಿಂದ ಅವನು ಇದ್ದಲ್ಲಿ ಆ ಪದ ಅವರ ಬಾಯಿಂದ ಬರಲಿಲ್ಲ. ಮಾತು ಮೊದಲೇ ಕಡಿಮೆ, ಅದರ ಹೊಸ್ತಿಲನ್ನು ಅವನು ಕಿತ್ತುಕೊಂಡು ಹೋಗಿದ್ದ; ಒಳಗಿದ್ದವರು ಹೊರಬರುವುದನ್ನೇ ನಿಲ್ಲಿಸಿದ್ದರು. ಬೈದಿದ್ದರೆ ಅವನು ಬೈಗುಳವನ್ನೂ ಅನುಕರಿಸಿ ಮುಗಿಸುತ್ತಿದ್ದ. ಶರಬತ್ತನ್ನು ಅನುಕರಿಸುವುದು ಹೇಗೆ?

ಊಟವಾಯಿತು. ಸಕ್ರವ್ವ ಹೋಳಿಗೆ ತಂದು ಬಡಿಸಿದಳು. ಮಗು ಕಣ್ಣುಜ್ಜಿಕೊಳ್ಳತೊಡಗಿತು. ಅದನ್ನು ಕಂಡದ್ದೇ ಮನೆಯವರೆಲ್ಲ ಆಟ ಶುರುವಾಗುವ ಮೊದಲಿನ ಆಟಗಾರರಂತೆ ಎದ್ದು ನಿಂತರು. ಝೋಳಿಗೆ ಕಟ್ಟಿದರು. ಮಕ್ತುಮಬಿ ಹಾಡಿದರು, ಸಕ್ರವ್ವ ಇನ್ನೊಂದು ಹಾಡು ಹಾಡಿದಳು, ಎರಡೂ ಹಾಡು ಒಂದಕ್ಕೊಂದು ಡಿಕ್ಕಿ ಹೊಡೆದವು. ಸಾಯಿಮಾ ಝೋಳಿಗೆಯಿಂದ ಒಂದು ಕಾಲು ಹೊರಹಾಕಿ, ಆಮೇಲೆ ಎರಡನೆಯದು ಹಾಕಿ, ಬೆನ್ನು ಬಿಲ್ಲು ಮಾಡಿ ಅಳತೊಡಗಿದಳು. ಜಹೀರ ಬಾಗಿಲ ಮೇಲೆ ಹಲಗೆಯಿಂದ ಖಟ್ ಖಟ್ ಎಂದು ಬಡಿದ. “ನೀ ಏನ್ ಹೆಣಾ ಎತ್ತಾಕ ಬಂದಿಯೇನ?” ಎಂದು ತಾಯಿಯಿಂದ ಬೈಸಿಕೊಂಡ. ಅಳು ಏರಿತು. ನಿದ್ದೆ ಬಂದೂ ಮಲಗಲಾರದ ಮಗುವಿನ ಅಳು, ಅದರಲ್ಲಿ ಸಿಟ್ಟಿಗಿಂತ ದಾರಿ ತಪ್ಪಿದವರ ಹೆದರಿಕೆ ಹೆಚ್ಚು. ಅಫ್ಸರ ಗೋಡೆಗೆ ಒರಗಿ ಕೂತಿದ್ದ. ಬಾಯಿ ತೆರೆದರೆ ಮುಗಿಯುತ್ತದೆ. ಖಟ್, ಸರ್ರ್, ಧಬ್, ಅಷ್ಟೇ. ಡಾಕ್ಟರಿಗೆ ಯಾರು ಹೇಳುತ್ತಾರೆ?

“ಸರೀರಿ,” ಎಂದು ಸುಭಾನಸಾಬರು ಎದ್ದರು. ಮಗ್ಗದ ಮೇಲಿನ ಚೆಂಡುಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟರು. ಧೋತರ ಸರಿಸಿದರು. ಮಕ್ತುಮಬಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಇವತ್ತ? ಓಣ್ಯಾಗಿನ ಮಂದಿ ಏನ್ ಅಂತಾರ್ರಿ?” ಸುಭಾನಸಾಬರು ಬಾಗಿಲ ಕಡೆ ನೋಡಿದರು, ಅಲ್ಲಿ ಓಣಿಯ ಮಂದಿಯ ಪರವಾಗಿ ಸಕ್ರವ್ವ ಇದ್ದಳು. “ಲಾಳ್ಯಾಗ ನೂಲು ಹಾಕಂಗಿಲ್ಲವಾ,” ಎಂದರು ಅವಳಿಗೆ. “ಖಾಲಿ ಲಾಳಿ. ನೇಯಂಗಿಲ್ಲ. ಬರೇ ಬಡಿತೇನಿ.” ಸಕ್ರವ್ವ ಒಂದು ಕ್ಷಣ ತನ್ನ ಮನೆಯ ಮಗ್ಗವನ್ನೂ, ಅದರ ಮುಂದೆ ಬೆಳಿಗ್ಗೆ ಒಡೆದ ಕಾಯಿಯನ್ನೂ ನೆನೆಸಿಕೊಂಡಂತೆ ಕಂಡಿತು. “ಬಡೀರಿ ಕಾಕಾ,” ಎಂದಳು. “ನೂಲಿಲ್ಲಂದ್ರ ಅದು ಮಗ್ಗ ಅಲ್ಲ, ಗಿಲಿಕಿ. ಕೂಸಿನ ಗಿಲಿಕಿಗಿ ಯಾವ ಅಮಾಸಿ?” ಸುಭಾನಸಾಬರು ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಬಿಚ್ಚಿ ತೆಗೆದು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಕುಣಿಗೆ ಇಳಿದರು. ಅವರ ತಂದೆ ಮುಟ್ಟದ, ಅವರ ಅಜ್ಜ ಮುಟ್ಟದ ದಿನ. ಅಫ್ಸರನಿಗೆ ಎದ್ದು ಹೋಗಿ ಕೈ ಹಿಡಿಯಬೇಕೆನ್ನಿಸಿತು, ಬೇಡಿರಿ ಎಂದು ಪಾಟಿಯ ಮೇಲೆ ಬರೆಯಬೇಕೆನ್ನಿಸಿತು. ಪಾಟಿ ಝೋಳಿಗೆಯೊಳಗೆ ಮಗುವಿನ ಕಾಲ ಕೆಳಗೆ ಇತ್ತು.

ಖಟ್. ಸರ್ರ್. ಧಬ್. ಇಡೀ ಓಣಿಯ ಮೌನದ ನಡುವೆ ಒಂದೇ ಒಂದು ಮಗ್ಗ. ಎಲ್ಲೋ ಒಂದು ಬಾಗಿಲು ತೆರೆದು, ಮತ್ತೆ ಮುಚ್ಚಿದ ಸದ್ದಾಯಿತು. ಸಾಯಿಮಾ ಅಳು ನಿಲ್ಲಿಸಿದಳು. ಆಫ್ರೀನ ಫೋನು ಎತ್ತಿ ರೆಕಾರ್ಡು ಒತ್ತಿದಳು. ಮಗು ಕತ್ತು ವಾರೆ ಮಾಡಿ ಆಲಿಸಿತು, ಹುಬ್ಬು ಗಂಟಿಕ್ಕಿ, ರಾಗ ತಪ್ಪಿದ್ದನ್ನು ಹಿಡಿಯಲು ಕೂತ ಉಸ್ತಾದರಂತೆ. ಮತ್ತೊಂದು ಸುತ್ತು. ಮತ್ತೊಂದು. ಆಮೇಲೆ ಕೈಯೆತ್ತಿ, “ಇದ್ ಅಲ್ಲಾ!” ಎಂದು ಚೀರಿತು. “ಮಗ್ಗಾ! ಮಗ್ಗಾ ಬೇಕೂ!” ಕುಣಿಯಲ್ಲಿ ಕೂತ ಸುಭಾನಸಾಬರ ಕೈ ಗಾಳಿಯಲ್ಲೇ ನಿಂತಿತು. ನಲವತ್ತು ವರ್ಷ ನೇಯ್ದ ಮಗ್ಗವನ್ನು ಮೊಮ್ಮಗಳು ಮಗ್ಗವಲ್ಲ ಎಂದಿದ್ದಳು. ಜಹೀರನಿಗೆ ನಗು ಬಂತು, ತಾಯಿಯ ಕಣ್ಣು ನೋಡಿ ನುಂಗಿಕೊಂಡ. ಅಳು ಎರಡರಷ್ಟಾಯಿತು.

ಆಫ್ರೀನ ಫೋನು ಆಫ್ ಮಾಡಿದಳು. ನಿಧಾನವಾಗಿ ಚೀಲ ಎಳೆದುಕೊಂಡು, ಹೊರತೆಗೆದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಒಳಗಿಡತೊಡಗಿದಳು. ಹೊಸ ಹಸಿರು ದುಪಟ್ಟಾ ಇತ್ತು ಅದರಲ್ಲಿ, ಬದಾಮಿಯ ಕೆಂಪು ಬಂಡೆಯ ಮುಂದೆ ಫೋಟೋಕ್ಕೆ ಚೆನ್ನಾಗಿರುತ್ತದೆಂದು ತೆಗೆದುಕೊಂಡದ್ದು. ಅದನ್ನು ಅವಳು ಎಲ್ಲಕ್ಕಿಂತ ಕೆಳಗೆ ಇಟ್ಟಳು. ಅವಳು ಅಳುತ್ತಿರಲಿಲ್ಲ. ದುಪಟ್ಟಾದ ಮಡಿಕೆಯನ್ನು ಅಂಗೈಯಿಂದ ಒಂದು ಸಲ, ಇನ್ನೊಂದು ಸಲ ಸವರಿದಳು. ಅದನ್ನು ನೋಡಿದ್ದೇ ಅಫ್ಸರನಿಗೆ ಸಾಕಾಯಿತು. ಹೋಗಲಿ ದನಿ, ಇದ್ದಾಗ ಅದರಿಂದ ಏನು ಮಾಡಿದೆ, ಒಬ್ಬ ಮುದುಕನ ಬಾಯಿ ಮುಚ್ಚಿಸಿದೆ. ಅವನು ಬಾಯಿ ತೆರೆದ, ನಾಲಿಗೆಯನ್ನು ಅಂಗುಳಿಗೆ ಒತ್ತಿದ. ಆಫ್ರೀನ ಅದನ್ನು ಹೇಗೆ ಕಂಡಳೋ, ಬಟ್ಟೆ ಬಿಟ್ಟು ಹಾರಿ ಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ತಲೆ ಗೋಡೆಗೆ ತಾಗಿತು. “ಸುಮ್ಕಿರ್ರಿ! ಒಂದಕ್ಷರ ಆಡಿದ್ರ ನೋಡ್ರಿ ಮತ್ತ! ಬದಾಮಿ ಹೋದ್ರ ಹೋತು. ಆ ಗುಡ್ಡಾ ಎಲ್ಲಿಗೀ ಓಡಿ ಹೋಗಂಗಿಲ್ಲ. ನಿಮ್ಮ ದನಿ ಹೋದ್ರ ನಾ ಯಾರ ಕೂಡ ಜಗಳಾ ತಗಿಲಿ?” ಅವಳ ಅಂಗೈಯಲ್ಲಿ ಹೋಳಿಗೆಯ ತುಪ್ಪದ ವಾಸನೆ. ಅವನ ಕಣ್ಣು ತುಂಬಿತು. ಬಾಯಿ ಮುಚ್ಚಿದ್ದರಿಂದ ಮೂಗಿನಿಂದ ಉಸಿರೆಳೆಯಬೇಕಾಯಿತು.

ಸುಕ್.

ಸಾಯಿಮಾಳ ಅಳು ನಡುವಿನಲ್ಲೇ ಕಡಿಯಿತು. ಅವಳು ಝೋಳಿಗೆಯಿಂದ ಇಳಿದು, ಜಾರುತ್ತಿದ್ದ ಚಡ್ಡಿಯಲ್ಲೇ ಪಡಸಾಲೆ ದಾಟಿ ಬಂದಳು. ತಾಯಿಯ ಕೈಯನ್ನು ಬೆರಳು ಬೆರಳಾಗಿ ಅವನ ಬಾಯಿಯಿಂದ ಕಿತ್ತಳು. ಈ ಸಲ ಒಳಗೆ ಇಣುಕಲಿಲ್ಲ. ಅವನ ಮೂಗು ನೋಡಿದಳು. ಆಮೇಲೆ, ತುಂಬ ದಿನ ಬೀಗ ಹಾಕಿದ ಮನೆಗೆ ಮರಳಿದವರಂತೆ, ಅವನ ತೊಡೆ ಹತ್ತಿ, ಹೊಟ್ಟೆ ಹತ್ತಿ, ಎದೆಯ ಮೇಲೆ ಕೆನ್ನೆಯಿಟ್ಟು ಒರಗಿದಳು. ಗೋಡೆಗೆ ಒರಗಿದ್ದವನು ಜಾರಿ ಚಾಪೆಯ ಮೇಲೆ ಅಂಗಾತನಾದ. ಅವನಿಂದ ಏನೂ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು, ಹಾಗಾಗಿ ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಪುಟ್ಟ ಅಂಗೈಯಿಂದ ಅವನ ಎದೆ ತಟ್ಟುತ್ತ, ಅವನನ್ನು ಮಲಗಿಸಲು, “ಕತ್,” ಎಂದಳು. “ಚಲ್ಲ್. ದಬ್. ಸುಕ್. ಕತ್. ಚಲ್ಲ್. ದಬ್. ಸುಕ್.” ಪ್ರತಿ ಸುತ್ತಿನ ಕೊನೆಗೆ ಮೂಗು ಏರಿಸಿ, ಒಂದು ಗುಟುಕು ಉಸಿರು.

ಅಫ್ಸರ ಸೂರು ನೋಡುತ್ತ ಮಲಗಿದ್ದ. ಆ ಸುಕ್ ಯಾವುದು? ಮಗ್ಗದಲ್ಲಿ ಅಂಥ ಭಾಗವಿಲ್ಲ. ಕಾಲಮಣೆಯಲ್ಲ, ಲಾಳಿಯಲ್ಲ, ಹಣಿಗೆಯಲ್ಲ. ಆಫ್ರೀನಳನ್ನು ನೋಡಿದ, ಅವಳು ಬಾಯಿಗೆ ಹೆಗಲ ಮೇಲಿನ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು. “ನಿಮ್ಮ ಮೂಗ್ರೀ,” ಎಂದಳು, ಪಿಸುಗುಡುತ್ತ, ಅವಳಿಗೆ ಪಿಸುಗುಡಲು ಅಡ್ಡಿಯಿರಲಿಲ್ಲ. “ಮಗ್ಗ ಹೊಡಿಯೂ ಮುಂದ ಸುತ್ತಿಗೊಮ್ಮಿ ಹಂಗ ಮೂಗ ಏರಸ್ತೀರಿ. ಪಾಠಾ ಮಾಡೂ ಮುಂದನೂ ಏರಸ್ತೀರಿ. ನಿಮಗ ಗೊತ್ತ ಇಲ್ಲೇನು?” ಅವನಿಗೆ ಗೊತ್ತಿರಲಿಲ್ಲ. ಊರಿನವರ ಕೆಮ್ಮು, ಕೆರೆತ, ರಾಗ, ತೊದಲು ಎಲ್ಲವನ್ನೂ ಆರಿಸಿ ಆರಿಸಿ ಎತ್ತಿಕೊಂಡವನು ತನ್ನ ಮೂಗನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಎಲ್ಲರ ದನಿಗಳ ಸಂದಿಯಲ್ಲಿ ತಾನು ಕೂತು ಉಸಿರಾಡುತ್ತಿದ್ದದ್ದನ್ನು ಈ ಎರಡು ವರ್ಷದ ಕಿವಿ ಹಿಡಿದಿತ್ತು, ಹಿಡಿದು, ಮಗ್ಗವನ್ನು ಬಿಟ್ಟು ಅದನ್ನೇ ಮಗ್ಗ ಎಂದು ಕರೆದಿತ್ತು.

ಕುಣಿಯೊಳಗಿಂದ ಗಂಟಲು ಕೆರೆದ ಸದ್ದು ಬಂತು. ಸುಭಾನಸಾಬರ ತಲೆ ಮತ್ತು ಹೆಗಲು ಮಾತ್ರ ನೆಲದ ಮೇಲೆ ಕಾಣುತ್ತಿತ್ತು. ಅವರ ಕಣ್ಣು ಸೂರಿಗೆ ಏರಿತು.

“ಅದೇನಾಕ್ಕೈತಂದ್ರ,” ಎಂದರು ಸುಭಾನಸಾಬರು, ರಾಗವನ್ನು ಪೂರ್ತಿ ಎಳೆದು, ಎಷ್ಟೋ ದಿನ ಉಪವಾಸವಿದ್ದ ಮಾತಿಗೆ ಹೊಟ್ಟೆ ತುಂಬ ಉಣಿಸುವವರ ಹಾಗೆ. “ಅದೇನಾಕ್ಕೈತಂದ್ರ ಜಮಾಯಿ, ಕೂಸಿಂದು ಖರೆ ಐತಿ. ನನ್ನ ಮಗ್ಗಕ್ಕ ಮೂಗಿಲ್ಲ.”

ಮಕ್ತುಮಬಿ ನಕ್ಕರು, ಸಕ್ರವ್ವ ಬೆಳ್ಳುಳ್ಳಿಯ ಮೊರ ಬಿಟ್ಟು ಕಟ್ಟೆಯ ಮೇಲೆ ಉರುಳಿದಳು, ಜಹೀರ ನುಂಗಿಕೊಂಡಿದ್ದ ನಗುವನ್ನು ಬಡ್ಡಿ ಸಮೇತ ಹೊರಹಾಕಿದ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಅಫ್ಸರನೂ ನಕ್ಕ, ಸದ್ದಿಲ್ಲದೆ, ಎದೆ ಕುಲುಕಿ, ಎದೆಯ ಮೇಲಿದ್ದ ಮಗು ದೋಣಿಯಂತೆ ಏರಿ ಇಳಿಯಿತು. ತಡವಾಗಿ ನಗುವುದು ಎಂದರೆ ಒಳಗೆ ಏನಾಗುತ್ತದೆಂದು ಅವನಿಗೆ ಆಗ ತಿಳಿಯಿತು. ಮಾವನತ್ತ ಕೈ ಎತ್ತಿ ಎದೆಗೆ ಮುಟ್ಟಿಸಬೇಕೆಂದುಕೊಂಡ. ಎದೆಯ ಮೇಲೆ ಜಾಗವಿರಲಿಲ್ಲ, ಹಣೆಗೆ ಮುಟ್ಟಿಸಿದ. ಸುಭಾನಸಾಬರು ಕಿಸೆಯಿಂದ ಕಂಡಿಕೆ ತೆಗೆದು, ಅದು ಇನ್ನೂ ಅಲ್ಲೇ ಇದೆ ಎಂದು ತೋರಿಸುವ ಹಾಗೆ ತೋರಿಸಿ, ಮತ್ತೆ ಕಿಸೆಗೆ ಹಾಕಿಕೊಂಡರು. ಅಮಾವಾಸ್ಯೆ ಕೆಟ್ಟಿರಲಿಲ್ಲ.

“ಕತ್,” ಎನ್ನುತ್ತಿತ್ತು ಮಗು, ಈಗ ಇನ್ನೂ ನಿಧಾನವಾಗಿ. “ಚಲ್ಲ್.” ತಟ್ಟುತ್ತಿದ್ದ ಅಂಗೈ ಅವನ ಅಂಗಿಯ ಗುಂಡಿಯ ಮೇಲೆ ನಿಂತಿತು. ದಬ್ ಬರಲಿಲ್ಲ. ಕಣ್ಣು ಅರ್ಧ ಮುಚ್ಚಿ, ಮತ್ತೆ ತಟಕ್ಕನೆ ತೆರೆದು, ಏನೋ ಸಾಲದೆಂಬಂತೆ ತುಟಿ ಸೊಟ್ಟಗಾಯಿತು. ಪಡಸಾಲೆಯವರೆಲ್ಲ ಗಾಬರಿಯಿಂದ ಅವನತ್ತ ನೋಡಿದರು. ಡಾಕ್ಟರು ಮಾತು ಬೇಡ ಎಂದಿದ್ದರು, ಪಿಸುಮಾತು ಬೇಡ, ಕೆಮ್ಮು ಬೇಡ, ಹಾಡು ಗುನುಗುವುದು ಬೇಡ ಎಂದಿದ್ದರು. ಮೂಗಿನ ಬಗ್ಗೆ ಏನೂ ಹೇಳಿರಲಿಲ್ಲ. ಅಫ್ಸರ, ಬದುಕಿನಲ್ಲಿ ಮೊದಲ ಸಲ ಬೇಕೆಂದೇ, ಯಾರನ್ನೂ ಅನುಕರಿಸದೆ, ಮೂಗಿನಿಂದ ಉಸಿರೆಳೆದ.

ಸುಕ್.

ಮಗುವಿನ ತುಟಿ ಸಡಿಲವಾಯಿತು. ಮತ್ತೊಂದು ಸುಕ್. ರೆಪ್ಪೆ ಬಿತ್ತು. ಎದೆಯ ಮೇಲಿನ ಭಾರ ಒಮ್ಮೆಲೇ ಹೆಚ್ಚಾಯಿತು, ಮಲಗಿದ ಮಗು ಎಚ್ಚರವಿದ್ದ ಮಗುವಿಗಿಂತ ತೂಕ. ಅಂಗಿಯ ಮೇಲೆ ಬೆಚ್ಚನೆಯ ಜೊಲ್ಲು ಹರಡುತ್ತಿತ್ತು. ಅವನು ಆ ತೇವವನ್ನು ಯಾರಿಗೂ ಕೊಡಲಾರದ ಬಹುಮಾನದಂತೆ ಇಟ್ಟುಕೊಂಡು, ಅಲುಗದೆ, ಸುತ್ತಿಗೊಂದು ಉಸಿರು ಎಳೆಯುತ್ತ ಮಲಗಿದ. ಪಕ್ಕದಲ್ಲಿ ಆಫ್ರೀನ ಚೀಲದ ಬಾಯಿ ಮತ್ತೆ ತೆರೆಯುವ ಸದ್ದು ಕೇಳಿಸಿತು. ಕೈಯನ್ನು ತಳದವರೆಗೆ ಇಳಿಸಿ ಅವಳು ಏನನ್ನೋ ಹುಡುಕುತ್ತಿದ್ದಳು. ಹಸಿರು ದುಪಟ್ಟಾದ ಒಂದು ತುದಿ ಮೇಲೆ ಬಂತು.